ನೀರು ಕುಡಿದ ಬೇಸಿನ್ ಕಪಾಟು: ಬಾಡಿಗೆ ಮನೆಯ ಒಂದು ರಿಪೇರಿ

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಕೆಳಗೆ ನಾವಿದ್ದೇವೆ, ಮೇಲೆ ಬಾಡಿಗೆಯವರು. ಮೇಲಿನ ಬಚ್ಚಲಲ್ಲಿ ವಾಶ್ ಬೇಸಿನ್ ಕೆಳಗೆ ಎರಡು ಬಾಗಿಲಿನ ರೆಡಿಮೇಡ್ ಕಪಾಟು ಹಾಕಿಸಿದ್ದೆವು. ಎರಡು ಅಡಿ ಅಗಲ. ಪಿಂಗಾಣಿ ಬೇಸಿನ್ ನೇರವಾಗಿ ಅದರ ಮೇಲೆಯೇ ಕೂರುತ್ತದೆ. ಈಗ ಅದರ ತಳ ಉಬ್ಬಿತ್ತು. ಪಕ್ಕದ ಹಲಗೆಗಳು ಕೆಳಗಡೆ ನಾಲ್ಕು ಬೆರಳಷ್ಟು ಒಡೆದು ಹಿಟ್ಟು ಉದುರುತ್ತಿತ್ತು. ಬಲಗಡೆಯ ಬಾಗಿಲು ಹಿಂಜ್ ಸಮೇತ ಕಿತ್ತು ಬಂದಿತ್ತು.

ಹೊಸದು ತಂದು ಕೂರಿಸಿದರೆ ಒಂದು ಹೊತ್ತಿನ ಕೆಲಸ. ಆದರೆ ನೀರು ಎಲ್ಲಿಂದ ಬಂತು ಅಂತ ತಿಳಿಯದೆ ಹೊಸದು ತಂದರೆ ಅದಕ್ಕೂ ಇದೇ ಗತಿ, ಅಲ್ವಾ? ಅದಕ್ಕೆ ಮೊದಲು ನೀರಿನ ದಾರಿ ಹುಡುಕಿದೆ.

ಬೇಸಿನ್ ಕೆಳಗೆ ನೀರು ಬರುವುದು ನಾಲ್ಕೇ ಕಡೆಯಿಂದ. ನಳಕ್ಕೆ ನೀರು ತರುವ ಪೈಪು ಮತ್ತು ಅದನ್ನು ಬಂದ್ ಮಾಡುವ ಆಂಗಲ್ ಕಾಕ್ ಒಂದು. ಬೇಸಿನ್‌ನಿಂದ ಹೊರಗೆ ಹೋಗುವ ಪೈಪು ಮತ್ತು ಗಟಾರದ ವಾಸನೆ ತಡೆಯಲು ಅದಕ್ಕೆ ಕೂಡಿಸಿದ ಬಟ್ಟಲು, ಅಂದರೆ ಬಾಟಲ್ ಟ್ರ್ಯಾಪ್ ಇನ್ನೊಂದು. ಬೇಸಿನ್ ಮತ್ತು ಗೋಡೆ ಕೂಡುವ ಸಂದು ಮೂರನೆಯದು. ನಾಲ್ಕನೆಯದು ನೆಲ. ಯಾವಾಗ ಒದ್ದೆಯಾಗುತ್ತದೆ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಯಾರೂ ಬಳಸದಿದ್ದರೂ ಒದ್ದೆ ಇದ್ದರೆ ತರುವ ಪೈಪಿನದು. ಅಲ್ಲಿ ಒತ್ತಡ ಸದಾ ಇರುತ್ತದೆ. ಬೇಸಿನ್‌ನಲ್ಲಿ ನೀರು ಬಿಟ್ಟಾಗ ಮಾತ್ರ ಬಂದರೆ ಹೊರಗೆ ಹೋಗುವ ಪೈಪಿನದು. ಮುಖ ತೊಳೆದು ನೀರು ಎರಚಾಡಿದ ಮೇಲೆ ಬಂದರೆ ಹಿಂದಿನ ಸಂದಿನದು.

ಪರೀಕ್ಷೆಗೆ ಬೇಕಾದದ್ದು ಬರೀ ಟಿಶ್ಯೂ ಪೇಪರ್ ಮತ್ತು ಟಾರ್ಚ್. ಎಲ್ಲ ಜಾಯಿಂಟ್ ಒಣಬಟ್ಟೆಯಲ್ಲಿ ಒರೆಸಿ, ಒಂದೊಂದಕ್ಕೂ ಟಿಶ್ಯೂ ಸುತ್ತಿದೆ. ಮೊದಲು ಏನೂ ಮಾಡದೆ ಸುಮ್ನೆ ಬಿಟ್ಟು ನೋಡಿದೆ. ಆಂಗಲ್ ಕಾಕ್‌ನ ಟಿಶ್ಯೂ ಒಣಗಿತ್ತು. ಆಮೇಲೆ ಬೇಸಿನ್‌ಗೆ ಬಿರಡೆ ಹಾಕಿ, ಮೇಲಿನ ತೂತಿನವರೆಗೆ ನೀರು ತುಂಬಿ, ಒಮ್ಮೆಗೇ ಬಿಟ್ಟೆ. ತೆಳ್ಳಗೆ ಹರಿಯುವಾಗ ತೋರದ ಸೋರಿಕೆ ತುಂಬು ನೀರು ಒಮ್ಮೆಗೇ ಇಳಿದಾಗ ತೋರುತ್ತದೆ. ಬಾಟಲ್ ಟ್ರ್ಯಾಪ್‌ನ ಕೆಳಗಿನ ಬಟ್ಟಲು ತಿರುಗುವ ಕಡೆ ಟಿಶ್ಯೂ ಒದ್ದೆಯಾಯಿತು. ಕೊನೆಗೆ ಬೇಸಿನ್‌ನ ಹಿಂದಿನ ಅಂಚಿಗೆ ಚಂಬಿನಿಂದ ನಿಧಾನಕ್ಕೆ ನೀರು ಹಾಕಿದೆ. ಕಪಾಟಿನ ಹಿಂಬದಿಯಲ್ಲಿ ಸಣ್ಣ ಗೆರೆಯಾಗಿ ಇಳಿದು ಬಂತು. ಅಲ್ಲಿ ಸಂದು ಮುಚ್ಚಲು ಹಾಕಿದ್ದ ಸಿಲಿಕಾನ್ ಕಪ್ಪಾಗಿ, ಗೋಡೆಯಿಂದ ಎದ್ದು ನಿಂತಿತ್ತು.

ಗೋಡೆಯೊಳಗಿನ ಪೈಪು ಸೋರುತ್ತಿದೆಯಾ ಅಂತ ಇನ್ನೊಂದು ಅನುಮಾನ ಇತ್ತು. ಅದಕ್ಕೊಂದು ಹಳೆಯ ಉಪಾಯ ಇದೆ. ಗೋಡೆ ಒರೆಸಿ, ಒಂದು ಅಡಿ ಪಾಲಿಥೀನ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಹಿಂದೆ ಹನಿ ಕಟ್ಟಿದರೆ ತೇವ ಗೋಡೆಯದು. ಹಾಳೆಯ ಮೇಲೆ ಕಟ್ಟಿದರೆ ಬಚ್ಚಲಿನ ಹಬೆಯದು. ನಮ್ಮದರಲ್ಲಿ ಹಿಂದೆ ಏನೂ ಇರಲಿಲ್ಲ. ಟೈಲ್ಸ್ ಒಡೆಯುವ ಕೆಲಸ ತಪ್ಪಿತು.

ಹಾಗಾಗಿ ತಪ್ಪಿತಸ್ಥರು ಮೂವರು: ಟ್ರ್ಯಾಪ್‌ನ ವಾಷರ್, ಹಿಂದಿನ ಸಿಲಿಕಾನ್, ಮತ್ತು ನೆಲ. ಇವುಗಳಲ್ಲಿ ಜಾಸ್ತಿ ಹಾಳು ಮಾಡಿದ್ದು ನೆಲವೇ ಅಂತ ನನಗೆ ಖಾತ್ರಿ. ಕಪಾಟು ನೇರವಾಗಿ ಟೈಲ್ಸ್ ಮೇಲೆ ನಿಂತಿತ್ತು. ನಮ್ಮ ಕಡೆ ಬಚ್ಚಲು ತೊಳೆಯುವುದು ಅಂದರೆ ಬಕೆಟ್‌ಗಟ್ಟಲೆ ನೀರು ಸುರಿದು ಪೊರಕೆ ಹಾಕುವುದು. ಆ ನೀರಿನಲ್ಲಿ ಹಲಗೆಯ ಕತ್ತರಿಸಿದ ಅಂಚು ದಿನಾ ನಿಂತಿರುತ್ತದೆ.

ಮೇಲಿನ ಮನೆಯವರ ಜೊತೆ ಆದ ಮಾತನ್ನೂ ಇಲ್ಲೇ ಹೇಳಬೇಕು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಒಳ್ಳೆಯ ಜನ. ಯಾವಾಗಿನಿಂದ ಹೀಗಾಗಿದೆ ಅಂತ ಕೇಳಿದೆ. ಆಕೆ ತಲೆ ತಗ್ಗಿಸಿ, “ಅಕ್ಕಾರ, ಮಳಿಗಾಲದಾಗ ಉಬ್ಬಾಕ ಹತ್ತಿತ್ರಿ. ಡಿಪಾಸಿಟ್‌ನಾಗ ಹಿಡಕೊಳ್ತೀರೇನೋ ಅಂತ ಹೇಳಲಿಲ್ರಿ” ಅಂದರು. ನನಗೆ ಬಹಳ ಬೇಜಾರಾಯಿತು. ಆಗಲೇ ಹೇಳಿದ್ದರೆ ಸಣ್ಣದರಲ್ಲೇ ಮುಗಿಯುತ್ತಿದ್ದ ಕೆಲಸ, ರೊಕ್ಕ ಹೋಗುತ್ತದೆ ಅನ್ನುವ ಹೆದರಿಕೆಯಲ್ಲಿ ಇಡೀ ಕಪಾಟನ್ನೇ ತಿಂದಿತ್ತು. ಬಾಡಿಗೆ ಮನೆಯಲ್ಲಿ ನೀರು ಕಾಣುವವರು ಒಬ್ಬರು, ಖರ್ಚು ಮಾಡುವವರು ಇನ್ನೊಬ್ಬರು. ಇಬ್ಬರ ನಡುವೆ ಮಾತು ನಿಂತರೆ ನೀರು ನಿಲ್ಲುವುದಿಲ್ಲ.

2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಯಾರ ರಿಪೇರಿ ಯಾರದು ಅಂತ ಒಂದು ಪಟ್ಟಿ ಇದೆ. ನೀರಿನ ಪೈಪು ಬದಲಿಸುವುದು ಮಾಲೀಕರ ಪಾಲು. ನಳದ ವಾಷರ್, ವಾಶ್ ಬೇಸಿನ್ ರಿಪೇರಿ ಬಾಡಿಗೆಯವರ ಪಾಲು. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ, ತಾನಾಗಿ ಜಾರಿಯಾಗುವುದಿಲ್ಲ. ನನ್ನ ಮಟ್ಟಿಗೆ, ಮಾಲೀಕರು ಕೂರಿಸಿದ ಕಪಾಟು ನೆಲದ ನೀರು ಕುಡಿದು ಹಾಳಾದರೆ ಅದು ಕೂರಿಸಿದ ರೀತಿಯ ತೊಂದರೆ. ಅದಕ್ಕೆ ಡಿಪಾಸಿಟ್ ಮುಟ್ಟಬಾರದು. ಹಾಗಂತ ಆಕೆಗೆ ಹೇಳಿ, ಅವರ ಮುಂದೆಯೇ ಕೆಲಸ ಶುರು ಮಾಡಿದೆ.

ನಮ್ಮ ಓಣಿಯಲ್ಲಿ ಒಬ್ಬ ಹಿರಿಯ ಬಡಿಗರಿದ್ದಾರೆ. ಈಗ ಕೆಲಸಕ್ಕೆ ಹೋಗುವುದಿಲ್ಲ, ಕರೆದರೆ ಬಂದು ನೋಡುತ್ತಾರೆ. ಹಲಗೆಯನ್ನು ಉಗುರಿನಿಂದ ಕೆರೆದು, “ಇದರ ಮಾರಿ ಮ್ಯಾಲೆ ನೀರು ಬಿದ್ರ ಚಿಂತಿಲ್ಲವ್ವಾ. ಅಂಚು ಕುಡಿದ್ರ ಮುಗೀತು” ಅಂದರು. ಅದೇ ಸರಿ. ಇದು ಪಾರ್ಟಿಕಲ್ ಬೋರ್ಡ್. ಕಟ್ಟಿಗೆಯ ಚೂರುಗಳನ್ನು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಎರಡೂ ಮುಖಕ್ಕೆ ಹೊಳಪಿನ ಹಾಳೆ ಇರುತ್ತದೆ, ಅಲ್ಲಿಂದ ನೀರು ಇಳಿಯುವುದಿಲ್ಲ. ಅಂಚಿನಿಂದ ಒಳಗೆ ಹೋದರೆ ಚೂರುಗಳು ಉಬ್ಬುತ್ತವೆ, ಅಂಟು ಬಿಡುತ್ತದೆ. ಆಮೇಲೆ ಎಷ್ಟೇ ಒಣಗಿಸಿದರೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಚಹಾದಲ್ಲಿ ಅದ್ದಿದ ಟೋಸ್ಟ್ ಮತ್ತೆ ಗರಿಗರಿ ಆಗದ ಹಾಗೆ. ಉಬ್ಬಿದ ಭಾಗಕ್ಕೆ ಫೆವಿಕಾಲ್ ತುಂಬಿ ಕ್ಲಾಂಪ್ ಹಾಕಿ ಒತ್ತುವವರಿದ್ದಾರೆ. ಒಂದು ಮಳೆಗಾಲವೂ ತಡೆಯುವುದಿಲ್ಲ. ಕತ್ತರಿಸಿ ತೆಗೆಯುವುದೇ ದಾರಿ.

ಮೇಲಿನ ಮುಕ್ಕಾಲು ಭಾಗ ಗಟ್ಟಿಯಾಗಿತ್ತು. ಬೆರಳಿನಿಂದ ತಟ್ಟಿದರೆ ಒಳ್ಳೆಯ ಭಾಗ ಠಣ್ ಅನ್ನುತ್ತದೆ, ನೀರು ಕುಡಿದದ್ದು ದಬ್ ಅನ್ನುತ್ತದೆ. ದಬ್ ಅನ್ನುವುದು ನಿಂತ ಕಡೆಯಿಂದ ಎರಡು ಬೆರಳು ಮೇಲೆ ಪೆನ್ಸಿಲ್ ಗೆರೆ ಎಳೆದೆ.

ಬೇಸಿನ್ ಇಳಿಸುವ ಮೊದಲು ಆಂಗಲ್ ಕಾಕ್ ಬಂದ್ ಮಾಡಬೇಕು. ಅದು ತಿರುಗಲೇ ಇಲ್ಲ. ನಮ್ಮ ಓಣಿಯಲ್ಲಿ ನಳ ದಿನಾ ಬರುವುದಿಲ್ಲ. ನಳದ್ದು ಸವದತ್ತಿ ಕಡೆಯ ಮಲಪ್ರಭಾ ನೀರು. ಅದು ಸಾಲದಾದಾಗ ಬೋರಿನ ನೀರನ್ನೂ ಟ್ಯಾಂಕಿಗೆ ಏರಿಸುತ್ತೇವೆ. ಬೋರಿನ ನೀರಿನ ಬಿಳಿ ಉಪ್ಪು ಕಾಕ್‌ನೊಳಗೆ ಗಟ್ಟಿ ಕೂತಿತ್ತು. ಇಂಥದ್ದನ್ನು ಪಾನಾ ಹಾಕಿ ಜೋರಾಗಿ ತಿರುಗಿಸಬಾರದು. ಗೋಡೆಯೊಳಗಿನ ಎಲ್ಬೋ (ಪೈಪಿನ ತಿರುವು) ಬಿರುಕು ಬಿಟ್ಟರೆ ಟೈಲ್ಸ್ ಒಡೆಯುವ ಕೆಲಸ ಗ್ಯಾರಂಟಿ. ಮೇಲಿನ ಟ್ಯಾಂಕಿನ ಗೇಟ್ ವಾಲ್ವ್ ಬಂದ್ ಮಾಡಿ, ನಳ ತೆರೆದು ಪೈಪಿನ ನೀರು ಖಾಲಿ ಮಾಡಿ, ಪ್ಲಂಬರ್ ಕರೆಸಿ ಕಾಕನ್ನೇ ಬದಲಿಸಿದೆವು. ಅರ್ಧ ಇಂಚಿನ ಹಿತ್ತಾಳೆಯದು. ಟೆಫ್ಲಾನ್ ಟೇಪನ್ನು ಥ್ರೆಡ್ ಹೋಗುವ ದಿಕ್ಕಿನಲ್ಲೇ ಸುತ್ತಬೇಕು. ಉಲ್ಟಾ ಸುತ್ತಿದರೆ ತಿರುಗಿಸುವಾಗ ಟೇಪ್ ಬಿಚ್ಚಿಕೊಂಡು ಹೊರಗೆ ಬರುತ್ತದೆ. ಹೊಸ ಕಾಕನ್ನು ಆಗಾಗ ಬಂದ್ ಮಾಡಿ ತೆರೆಯುತ್ತಿದ್ದರೆ ಉಪ್ಪು ಕೂರುವುದಿಲ್ಲ. ಈ ಮಾತು ಬಾಡಿಗೆಯವರಿಗೂ ಹೇಳಿದೆ.

ಉಳಿದದ್ದು ಸರಳ. ಟ್ರ್ಯಾಪ್ ಕೆಳಗೆ ಬಕೆಟ್ ಇಟ್ಟು ಕೈಯಿಂದಲೇ ತಿರುಗಿಸಿ ಬಿಚ್ಚಿದೆ. ಗೋಡೆಯ ಪೈಪಿನ ಬಾಯಿಗೆ ಬಟ್ಟೆ ತುರುಕಿದೆ. ಇಲ್ಲದಿದ್ದರೆ ಗಟಾರದ ವಾಸನೆ ಮನೆ ತುಂಬುತ್ತದೆ. ಬೇಸಿನ್ ಸುತ್ತಲಿನ ಸಿಲಿಕಾನ್ ಅನ್ನು ಕಟರ್ ಬ್ಲೇಡ್‌ನಿಂದ ಪೂರ್ತಿ ಕೊಯ್ದೆ. ಒಂದು ಕಡೆ ಅಂಟಿಕೊಂಡಿದ್ದರೂ ಎತ್ತುವಾಗ ಪಿಂಗಾಣಿ ಸೀಳುತ್ತದೆ. ಎತ್ತಲು ಇಬ್ಬರು ಬೇಕು.

ಕಪಾಟು ಹೊರಗೆ ಬಂದಾಗ ಹಿಂದಿನ ಗೋಡೆ ತುಂಬ ಕಪ್ಪು ಬೂಷ್ಟು. ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದೆ. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಇದರ ಜೊತೆ ಯಾವತ್ತೂ ಸೇರಬಾರದು. ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಕಪಾಟನ್ನು ನೆರಳಲ್ಲಿ ಫ್ಯಾನ್ ಕೆಳಗೆ ಒಣಗಲು ಬಿಟ್ಟೆ. ದೀಪಾವಳಿ ಮುಗಿದ ಮೇಲೆ ಈ ಕೆಲಸ ಹಿಡಿದದ್ದು ಇದೇ ಕಾರಣಕ್ಕೆ. ಆಷಾಢ ಶ್ರಾವಣದಲ್ಲಿ ಧಾರವಾಡದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಹಲಗೆ ಎಲ್ಲಿ ಒಣಗೀತು? ಒದ್ದೆ ಹಲಗೆಯ ಮೇಲೆ ಏನು ಬಳಿದರೂ ತೇವವನ್ನು ಒಳಗೇ ಕೂಡಿಹಾಕಿದ ಹಾಗೆ. ಬೇಗ ಒಣಗಲಿ ಅಂತ ಹೀಟರ್ ಇಟ್ಟರೆ ಹಾಳೆಯ ಅಂಟು ಬಿಡುತ್ತದೆ.

ಹೊಸ ತಳಕ್ಕೆ ಯಾವ ಹಲಗೆ ಅನ್ನುವುದರ ಬಗ್ಗೆ ಬಹಳ ಯೋಚನೆ ಮಾಡಿದೆ. ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಅನ್ನುವ ಮಾತು ಎಲ್ಲದಕ್ಕೂ ಹೇಳುತ್ತಾರೆ. ನೋಡಬೇಕಾದ್ದು ಹಲಗೆಯ ಮೇಲಿನ ಐಎಸ್ ಮುದ್ರೆ, ಅಂದರೆ ಭಾರತೀಯ ಮಾನಕದ ಸಂಖ್ಯೆ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈವುಡ್. ಅದರಲ್ಲೇ ಎಂಆರ್ ದರ್ಜೆ ಅಂದರೆ ಗಾಳಿಯ ತೇವ ತಡೆಯುತ್ತದೆ, ನಿಂತ ನೀರು ತಡೆಯುವುದಿಲ್ಲ. ಐಎಸ್ 710 ಅಂದರೆ ಮರೀನ್ ಪ್ಲೈ. ಇದರ ಅಂಟು ಫೀನಾಲ್ ಜಾತಿಯದು. 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನುವುದು ಇದರ ಪರೀಕ್ಷೆ. ಇನ್ನೊಂದು ಆಯ್ಕೆ ಪಿವಿಸಿ ಅಥವಾ ಡಬ್ಲ್ಯುಪಿಸಿ (ಕಟ್ಟಿಗೆ ಪುಡಿ ಬೆರೆಸಿದ ಪ್ಲಾಸ್ಟಿಕ್) ಬೋರ್ಡ್. ಇದಕ್ಕೆ ನೀರಿನ ಚಿಂತೆಯೇ ಇಲ್ಲ. ಆದರೆ ಸ್ಕ್ರೂ ಹಿಡಿತ ಪ್ಲೈಯಷ್ಟು ಇಲ್ಲ, ಭಾರ ಬಿದ್ದರೆ ಬಾಗುತ್ತದೆ. ಬೇಸಿನ್ನಿನ ಭಾರವೆಲ್ಲ ತಳಕ್ಕೆ ಬರುವುದರಿಂದ ತಳಕ್ಕೆ 18 ಮಿ.ಮೀ. ಮರೀನ್ ಪ್ಲೈ, ಹಿಂಬದಿಗೆ ತೆಳು ಪಿವಿಸಿ ಹಾಳೆ ಅಂತ ನಿರ್ಧರಿಸಿದೆ. ಇಡೀ ಶೀಟ್ ಕೊಳ್ಳಬೇಕಿಲ್ಲ. ಪ್ಲೈವುಡ್ ಅಂಗಡಿಯಲ್ಲಿ ಉಳಿದ ತುಂಡುಗಳು ಸಿಗುತ್ತವೆ. ತುಂಡಿನ ಮೇಲೆ ಮುದ್ರೆ ಇರದಿದ್ದರೆ ಅದು ಕತ್ತರಿಸಿದ ಶೀಟ್ ತೋರಿಸಿ ಅಂತ ಕೇಳಿ, ಸಂಕೋಚ ಬೇಡ.

ಈಗ ಮುಖ್ಯ ಕೆಲಸ. ಕಪಾಟನ್ನು ತಲೆಕೆಳಗು ಮಾಡಿ, ಗೆರೆಯ ಮೇಲೆ ಟೇಪ್ ಅಂಟಿಸಿ ಗರಗಸದಿಂದ ಕೊಯ್ದೆ. ಟೇಪ್ ಇದ್ದರೆ ಹಾಳೆ ಚಕ್ಕೆ ಏಳುವುದಿಲ್ಲ. ಮೂಗಿಗೆ ಮಾಸ್ಕ್ ಬೇಕೇ ಬೇಕು. ಈ ಧೂಳು ಬಹಳ ಕೆಟ್ಟದ್ದು. ಕೊಯ್ದ ಅಂಚಿಗೆ ಎರಡು ಟ್ಯೂಬು ಬೆರೆಸಿ ಹಚ್ಚುವ ಎಪಾಕ್ಸಿ ಅಂಟನ್ನು ಹಳೆಯ ಎಟಿಎಂ ಕಾರ್ಡಿನಿಂದ ಒತ್ತಿ ಒತ್ತಿ ಎಳೆದೆ. ಮೊದಲ ಸಲ ಹಚ್ಚಿದ್ದನ್ನು ಹಲಗೆ ಹೀರಿಕೊಳ್ಳುತ್ತದೆ. ಗಟ್ಟಿಯಾದ ಮೇಲೆ ಸ್ಯಾಂಡ್ ಪೇಪರ್ ತಿಕ್ಕಿ ಇನ್ನೊಂದು ಸಲ ಹಚ್ಚಿದರೆ ಹೊಳಪು ನಿಲ್ಲುತ್ತದೆ. ಆಗಲೇ ಅಂಚು ಮುಚ್ಚಿದೆ ಅಂತ ಅರ್ಥ. ಮರೀನ್ ಪ್ಲೈಯ ನಾಲ್ಕೂ ಅಂಚಿಗೂ ಇದೇ ಉಪಚಾರ. ಮರೀನ್ ಅಂತ ಅಂಚು ಬರಿದಾಗಿ ಬಿಡಬಾರದು. ಅಂಟು ಕರಗದಿದ್ದರೂ ಕಟ್ಟಿಗೆ ಕೊಳೆಯುತ್ತದೆ.

ತಳದ ಹಲಗೆಯನ್ನು ಪಕ್ಕದ ಹಲಗೆಗಳ ನಡುವೆ ಸಿಕ್ಕಿಸಲಿಲ್ಲ. ಪೂರ್ತಿ ಅಗಲಕ್ಕೆ ಕೊಯ್ದು, ಪಕ್ಕದ ಹಲಗೆಗಳನ್ನು ಅದರ ಮೇಲೆ ನಿಲ್ಲಿಸಿದೆ. ಆಗ ಬೇಸಿನ್ನಿನ ಭಾರ ಸ್ಕ್ರೂ ಮೇಲೆ ಜೋತು ಬೀಳದೆ ನೇರ ಕೆಳಗೆ ಇಳಿಯುತ್ತದೆ. ಕೂಡುವ ಕಡೆ ಸಿಲಿಕಾನ್ ಹಾಕಿ, ಒಳಮೂಲೆಗಳಲ್ಲಿ ಪ್ಲೈ ಪಟ್ಟಿ ಇಟ್ಟು ಎರಡೂ ಕಡೆಗೆ ಸ್ಕ್ರೂ ಹೊಡೆದೆ. ತಳದ ಅಡಿಗೆ ಮಾಡ್ಯುಲರ್ ಕಿಚನ್‌ಗೆ ಬಳಸುವ ನಾಲ್ಕು ಇಂಚಿನ ಪಿವಿಸಿ ಕಾಲು ಕೂರಿಸಿದೆ. ಮೂಲೆಗೆ ಒಂದೊಂದು, ಪಕ್ಕದ ಹಲಗೆಯ ನೇರಕ್ಕೆ. ಇವನ್ನು ತಿರುಗಿಸಿ ಎತ್ತರ ಸರಿ ಮಾಡಬಹುದು. ಬಚ್ಚಲಿನ ನೆಲ ಇಳಿಜಾರು ಇರುವುದರಿಂದ ಇದು ಬೇಕೇ ಬೇಕು. ಕೊಯ್ದು ತೆಗೆದ ಎತ್ತರವನ್ನು ಕಾಲುಗಳೇ ತುಂಬಿದವು. ಬೇಸಿನ್ ಮೊದಲಿದ್ದ ಮಟ್ಟಕ್ಕೇ ಬಂತು, ಪೈಪು ಬದಲಿಸಬೇಕಾಗಲಿಲ್ಲ.

ಕಾಲುಗಳ ಮುಂದೆ ಪಟ್ಟಿ ಹಾಕಿ ಮುಚ್ಚಿದರೆ ಚಂದ ಕಾಣುತ್ತದೆ. ನಾನು ಬೇಡ ಅಂದೆ. ಕೆಳಗೆ ಪೊರಕೆ ಹೋಗಬೇಕು, ಗಾಳಿ ಆಡಬೇಕು, ಹನಿ ಬಿದ್ದರೆ ಕಾಣಬೇಕು. ಇದೇ ಲೆಕ್ಕದಲ್ಲಿ ತಳದ ಹಲಗೆಗೆ ಎರಡು ಸಣ್ಣ ತೂತು ಕೊರೆದೆ. ಒಂದು ಟ್ರ್ಯಾಪ್‌ನ ನೇರ ಕೆಳಗೆ, ಇನ್ನೊಂದು ಆಂಗಲ್ ಕಾಕ್ ಕೆಳಗೆ. ತೂತಿನ ಒಳಗೂ ಎಪಾಕ್ಸಿ ಹಚ್ಚಿದೆ. ಮುಂದೆ ಎಲ್ಲಾದರೂ ಸೋರಿದರೆ ನೀರು ಕಪಾಟಿನಲ್ಲಿ ನಿಲ್ಲದೆ ನೆಲಕ್ಕೆ ಬೀಳುತ್ತದೆ. ಒಣಗಿದ ನೆಲದ ಮೇಲೆ ಹನಿ ಕಂಡರೆ ಯಾರಿಗಾದರೂ ತಿಳಿಯುತ್ತದೆ. ಕೆಲವರು ಒಳಗೆ ಪ್ಲಾಸ್ಟಿಕ್ ಟ್ರೇ ಇಡುತ್ತಾರೆ. ಟ್ರೇ ತುಂಬುವವರೆಗೆ ಸೋರಿಕೆ ಮುಚ್ಚಿಯೇ ಇರುತ್ತದೆ, ಅದಕ್ಕೆ ನನಗದು ಸರಿ ಬರುವುದಿಲ್ಲ. ಬಾಡಿಗೆ ಮನೆಯಲ್ಲಂತೂ ಸೋರಿಕೆ ತಾನೇ ಹೊರಗೆ ಬಂದು ತೋರಿಸಿಕೊಳ್ಳಬೇಕು. ಯಾರೂ ಯಾರಿಗೂ ಹೇಳುವುದಕ್ಕೆ ಹೆದರುವ ಪ್ರಮೇಯ ಬರಬಾರದು.

ಹಿಂದಿನ ಪಿವಿಸಿ ಹಾಳೆಯಲ್ಲಿ ಕೈ ಪೂರ್ತಿ ಹೋಗುವಷ್ಟು ದೊಡ್ಡ ಕಂಡಿ ಬಿಟ್ಟೆ. ಮೊದಲು ಪೈಪಿನಷ್ಟೇ ತೂತು ಇತ್ತು, ಕಾಕ್ ತಿರುಗಿಸಲು ಬೆರಳೇ ಹೋಗುತ್ತಿರಲಿಲ್ಲ. ರಾತ್ರಿ ಪೈಪು ಒಡೆದರೆ ಕತ್ತಲಲ್ಲೂ ಕಾಕ್ ಕೈಗೆ ಸಿಗಬೇಕು.

ಬಾಗಿಲುಗಳ ಕೆಳಗಿನ ಅಂಚೂ ಉಬ್ಬಿತ್ತು. ತಳದ ಮಟ್ಟಕ್ಕೆ ಕೊಯ್ದು, ಎಪಾಕ್ಸಿ ಹಚ್ಚಿ, ಮೇಲೆ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಅಂಟಿಸಿದೆ. ಕಿತ್ತು ಬಂದ ಹಿಂಜ್‌ನ ಜಾಗದಲ್ಲಿ ಹಲಗೆ ಪುಡಿಯಾಗಿತ್ತು. ಅಲ್ಲಿ ದಪ್ಪ ಸ್ಕ್ರೂ ಹಾಕಿ ಸುಧಾರಿಸಲಿಕ್ಕಾಗುವುದಿಲ್ಲ. ಸಡಿಲ ಪುಡಿಯನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದು, ಕಟ್ಟಿಗೆ ಪುಡಿ ಬೆರೆಸಿದ ಎಪಾಕ್ಸಿ ತುಂಬಿ ಮುಚ್ಚಿದೆ. ಹಿಂಜನ್ನು ಎರಡು ಇಂಚು ಮೇಲೆ, ಗಟ್ಟಿ ಜಾಗದಲ್ಲಿ ಕೂರಿಸಿದೆ. ಅದಕ್ಕೆ 35 ಮಿ.ಮೀ.ನ ಬಟ್ಟಲು ತೂತು ಬೇಕು. ಆ ಬಿಟ್ ನನ್ನ ಹತ್ತಿರ ಇರಲಿಲ್ಲ, ಬಡಿಗ ಕಾಕಾ ತಮ್ಮದನ್ನೇ ತಂದು ಕೊರೆದುಕೊಟ್ಟರು. ಹಿಂಜ್ ಮಾತ್ರ ಎಸ್ಎಸ್ 304, ಅಂದರೆ ತುಕ್ಕು ತಡೆಯುವ ಸ್ಟೇನ್‌ಲೆಸ್ ಸ್ಟೀಲಿನದು ತಂದೆ. ಮೊದಲಿನದು ಹೊಳಪು ಹಚ್ಚಿದ ಕಬ್ಬಿಣ, ಬಚ್ಚಲ ಹಬೆಗೆ ತುಕ್ಕು ಹಿಡಿದಿತ್ತು. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಅಯಸ್ಕಾಂತ ಇರಲಿ. ಗಟ್ಟಿಯಾಗಿ ಅಂಟಿಕೊಂಡರೆ ಅದು 304 ಅಲ್ಲ.

ಕೂರಿಸುವಾಗ ಕಪಾಟಿನ ಹಿಂದೆ ಅರ್ಧ ಇಂಚು ಗಾಳಿ ಆಡಲು ಬಿಟ್ಟೆ. ಗೋಡೆಗೆ ಎರಡು ಎಲ್ ಪಟ್ಟಿ ಹಾಕಿ ಬಿಗಿದೆ. ಡ್ರಿಲ್ ಮಾಡುವಾಗ ಆಂಗಲ್ ಕಾಕ್‌ನ ನೇರ ಮೇಲೆ ಕೆಳಗೆ ಹೋಗಬಾರದು. ಗೋಡೆಯೊಳಗಿನ ಪೈಪು ಸಾಮಾನ್ಯವಾಗಿ ಆ ಗೆರೆಯಲ್ಲೇ ಇರುತ್ತದೆ. ಹತ್ತಿರದಲ್ಲೇ ಗೀಸರ್‌ನ ಕರೆಂಟ್ ಲೈನ್ ಇತ್ತು, ಮೇನ್ ಬಂದ್ ಮಾಡಿಯೇ ತೂತು ಹೊಡೆದದ್ದು.

ಬೇಸಿನ್ ಮತ್ತೆ ಏರಿಸಿ, ಹೊಸ ಬಾಟಲ್ ಟ್ರ್ಯಾಪ್ ಹಾಕಿದೆ. ವಾಷರ್ ನೆಟ್ಟಗೆ ಕೂತರೆ ಕೈಬಿಗಿ ಸಾಕು. ಪಾನಾದಿಂದ ಬಿಗಿದರೆ ಪ್ಲಾಸ್ಟಿಕ್ ಥ್ರೆಡ್ ಹೋಗುತ್ತದೆ. ಗೋಡೆಯ ಸಂದಿಗೆ ಬಚ್ಚಲಿಗೆಂದೇ ಬರುವ, ಬೂಷ್ಟು ತಡೆಯುವ ನ್ಯೂಟ್ರಲ್ ಸಿಲಿಕಾನ್. ವಿನೆಗರ್ ವಾಸನೆ ಬರುವ ಅಗ್ಗದ್ದು ಅಮೃತಶಿಲೆಗೂ ಲೋಹಕ್ಕೂ ಒಳ್ಳೆಯದಲ್ಲ. ಹಳೆಯ ಸಿಲಿಕಾನ್‌ನ ಒಂದು ಎಳೆ ಉಳಿದರೂ ಹೊಸದು ಅದಕ್ಕೆ ಅಂಟುವುದಿಲ್ಲ. ಹಾಗಾಗಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿದ ಮೇಲೆ ಎರಡೂ ಕಡೆ ಟೇಪ್ ಅಂಟಿಸಿ ತುಂಬಿದೆ. ಸೋಪಿನ ನೀರಲ್ಲಿ ಅದ್ದಿದ ಬೆರಳಿಂದ ಒಂದೇ ಎಳೆತದಲ್ಲಿ ನಯ ಮಾಡಿ, ಹಸಿ ಇರುವಾಗಲೇ ಟೇಪ್ ಕಿತ್ತೆ. 24 ಗಂಟೆ ನೀರು ಮುಟ್ಟಬಾರದು. ಮೇಲಿನವರು ಅಷ್ಟು ಹೊತ್ತು ಅಡಿಗೆಮನೆಯ ಸಿಂಕ್‌ನಲ್ಲೇ ಮುಖ ತೊಳೆದರು.

ಆಮೇಲೆ ಮತ್ತೆ ಟಿಶ್ಯೂ. ಬೇಸಿನ್ ತುಂಬಿಸಿ ಒಮ್ಮೆಗೇ ಬಿಟ್ಟೆ, ಹಿಂದಿನ ಅಂಚಿಗೆ ಚಂಬಿನ ನೀರು ಹಾಕಿದೆ, ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಿಗ್ಗೆ ಎಲ್ಲ ಒಣಗಿತ್ತು. ಮರೀನ್ ಪ್ಲೈ ತುಂಡು, ಕಾಲು, ಹಿಂಜ್, ಎಪಾಕ್ಸಿ ಎಲ್ಲ ಸೇರಿದರೂ ಖರ್ಚು ಹೊಸ ಕಪಾಟಿನ ಅರ್ಧಕ್ಕಿಂತ ಕಡಿಮೆಯೇ ಆಯಿತು.

ಕರಾರು ಪತ್ರದ ಹಿಂದೆ ಒಂದು ಸಾಲು ಬರೆದು ಇಬ್ಬರೂ ಸಹಿ ಮಾಡಿದೆವು. ಬೇಸಿನ್ ಕೆಳಗೆ ಹನಿ ಕಂಡರೆ ಅದೇ ದಿನ ತಿಳಿಸುವುದು, ತಿಳಿಸಿದ್ದಕ್ಕೆ ಡಿಪಾಸಿಟ್‌ನಲ್ಲಿ ಏನೂ ಹಿಡಿಯುವುದಿಲ್ಲ.

ಮುಂದಿನ ಮಳೆಗಾಲದಲ್ಲಿ ಆಕೆ ಫೋನ್ ಮಾಡಿ, “ಅಕ್ಕಾರ, ಎಡಗಡೆ ಬಾಗಿಲ ತಳಕ್ಕ ತಾಗಾಕ ಹತ್ತೈತ್ರಿ” ಅಂದರು. ಹೋಗಿ ನೋಡಿದೆ. ಅಂಚು ಉಬ್ಬಿರಲಿಲ್ಲ, ತೂತಿನ ಕೆಳಗೂ ಒಣಗಿತ್ತು. ಬಾಗಿಲು ಸ್ವಲ್ಪ ಇಳಿದಿತ್ತು ಅಷ್ಟೇ. ಹಿಂಜ್ ಪ್ಲೇಟಿನ ಸ್ಕ್ರೂ ಸಡಿಲ ಮಾಡಿ, ಬಾಗಿಲನ್ನು ಒಂದು ಕೂದಲೆಳೆ ಎತ್ತಿ ಮತ್ತೆ ಬಿಗಿದೆ.